ಕಬ್ಬಿನ ಗದ್ದೆಯ ಮೇಲೆ ಬೆಳೆದ ಕಾಡು

ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಜಾನ್ ಎಂಬ ಪುಟ್ಟ ದ್ವೀಪವೊಂದಿದೆ. ಅಮೆರಿಕದ ಅಧೀನದಲ್ಲಿರುವ ವರ್ಜಿನ್ ದ್ವೀಪಗಳಲ್ಲಿ ಅದೂ ಒಂದು. ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್, ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಅಲ್ಲಿ ವಿಮಾನ ನಿಲ್ದಾಣವಿಲ್ಲ. ಪಕ್ಕದ ಸೇಂಟ್ ಥಾಮಸ್‌ನಲ್ಲಿ ಇಳಿದು, ರೆಡ್ ಹುಕ್‌ನಿಂದ ಫೆರಿ ಹತ್ತಿ ಕ್ರೂಜ್ ಬೇ ಎಂಬ ಊರಿಗೆ ಬರಬೇಕು. ಅಲ್ಲಿಂದ ಆಚೆಗೆ ಟ್ರಂಕ್ ಬೇ, ಸಿನಮನ್ ಬೇ, ಮಾಹೊ ಬೇ ಹೀಗೆ ಒಂದರ ಹಿಂದೆ ಒಂದು ಬಿಳಿ ಮರಳಿನ ತೀರ. ಮರಳು ಮುಗಿಯುವಲ್ಲಿಂದಲೇ ಹಸಿರು ಗುಡ್ಡ ಏರುತ್ತದೆ. ದ್ವೀಪದ ಅರ್ಧಕ್ಕಿಂತ ಹೆಚ್ಚು ನೆಲ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಮನುಷ್ಯರ ಕೈ ತಾಗದ ಜಾಗ ಎಂದು ಪ್ರವಾಸಿಗಳು ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಒಂದು ಕಾಲಕ್ಕೆ ಈ ಗುಡ್ಡಗಳ ಕಾಡನ್ನು ಬಹುಪಾಲು ಬೋಳಿಸಿಬಿಟ್ಟಿದ್ದರು.

ಯುರೋಪಿನವರು ಬರುವ ಮೊದಲು ಇಲ್ಲಿ ಟೈನೋ ಜನ ಇದ್ದರು. ರೀಫ್ ಬೇ ಕಣಿವೆಯ ಸಿಹಿನೀರ ಮಡುವಿನ ಪಕ್ಕದ ಬಂಡೆಗಳಲ್ಲಿ ಅವರು ಕೊರೆದ ಮುಖಗಳು ಇವತ್ತಿಗೂ ಕಾಣುತ್ತವೆ. 1493ರಲ್ಲಿ ಕೊಲಂಬಸ್ ಈ ದ್ವೀಪಗಳನ್ನು ಹಾದುಹೋದ. 1718ರಲ್ಲಿ ಡೆನ್ಮಾರ್ಕಿನವರು ಬಂದು ಕೋರಲ್ ಬೇಯಲ್ಲಿ ಬೀಡುಬಿಟ್ಟರು. ನಮ್ಮ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ 1620ರಿಂದ ಕೋಟೆ ಕಟ್ಟಿಕೊಂಡಿದ್ದ ಡೇನರೇ ಇವರು. ಭಾರತದಿಂದ ಹೋದ ಹತ್ತಿಬಟ್ಟೆಯನ್ನು ಪಶ್ಚಿಮ ಆಫ್ರಿಕಾದಲ್ಲಿ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಆ ಮನುಷ್ಯರನ್ನು ಇಲ್ಲಿಗೆ ತಂದು ಕಬ್ಬು ಬೆಳೆಸುತ್ತಿದ್ದರು.

ಹದಿನೈದೇ ವರ್ಷದಲ್ಲಿ ದ್ವೀಪವೆಲ್ಲ ಕಬ್ಬು, ಹತ್ತಿಯ ತೋಟವಾಯಿತು. 1733ರ ಲೆಕ್ಕದಂತೆ 109 ತೋಟಗಳು, 208 ಬಿಳಿಯರು, 1,087 ಗುಲಾಮರು. ಆ ವರ್ಷ ಬರ ಬಂತು, ಚಂಡಮಾರುತ ಬಂತು, ಅದರ ಮೇಲೆ ಗವರ್ನರ್ ಗಾರ್ಡೆಲಿನ್‌ನ ಕಾನೂನು ಬಂತು. ಓಡಿಹೋದವನ ಕಾಲು ಕತ್ತರಿಸುವುದು ಆ ಕಾನೂನಿನ ಶಿಕ್ಷೆಗಳಲ್ಲೊಂದು. ನವೆಂಬರ್ 23ರಂದು ಒಂದಷ್ಟು ಗುಲಾಮರು ಎಂದಿನಂತೆ ಸೌದೆ ಹೊತ್ತು ಕೋರಲ್ ಬೇಯ ಕೋಟೆಯೊಳಗೆ ನಡೆದರು. ಸೌದೆಯ ನಡುವೆ ಕಬ್ಬು ಕಡಿಯುವ ಕತ್ತಿಗಳಿದ್ದವು. ಕಾವಲಿನವರು ಸತ್ತರು, ಕೋಟೆಯ ಫಿರಂಗಿ ಹಾರಿತು, ಆ ಸದ್ದು ಕೇಳಿ ತೋಟತೋಟಗಳಲ್ಲಿ ಜನ ಎದ್ದರು. ಮುಂದಾಳುಗಳಲ್ಲಿ ಹೆಚ್ಚಿನವರು ಇಂದಿನ ಘಾನಾ ಸೀಮೆಯ ಅಕ್ವಾಮು ಜನ. ಬ್ರೆಫು ಎಂಬಾಕೆಯೂ ಅವರಲ್ಲಿದ್ದಳು. ಸುಮಾರು ಆರು ತಿಂಗಳು ದ್ವೀಪದ ಬಹುಭಾಗ ಬಂಡಾಯಗಾರರ ಕೈಯಲ್ಲೇ ಇತ್ತು. ಡೇನರಿಂದ ಆಗಲಿಲ್ಲ, ನೆರವಿಗೆ ಬಂದ ಇಂಗ್ಲಿಷರಿಂದಲೂ ಆಗಲಿಲ್ಲ. ಕೊನೆಗೆ 1734ರಲ್ಲಿ ಮಾರ್ಟಿನಿಕ್‌ನಿಂದ ಫ್ರೆಂಚ್ ಸೈನಿಕರು ಬಂದು ಅದನ್ನು ಹತ್ತಿಕ್ಕಿದರು. ಸೋತವರಲ್ಲಿ ಎಷ್ಟೋ ಮಂದಿ ಸೆರೆಯಾಗುವುದಕ್ಕಿಂತ ಸಾವೇ ಮೇಲೆಂದು ತಾವೇ ಪ್ರಾಣ ಬಿಟ್ಟರು.

ಕಬ್ಬು ಮಾತ್ರ ಮುಂದುವರಿಯಿತು. ಆನಬರ್ಗ್ ಎಂಬ ತೋಟದಲ್ಲಿ ಆ ಕಾಲದ ಗಾಳಿಗಿರಣಿಯೂ ಬೆಲ್ಲದ ಕೊಪ್ಪರಿಗೆಗಳ ಮನೆಯೂ ಪಾಳುಬಿದ್ದು ನಿಂತಿವೆ. ನಮ್ಮ ಮಂಡ್ಯದ ಕಡೆಯ ಆಲೆಮನೆ ಕಂಡವರಿಗೆ ಒಲೆಯ ಸಾಲು ಕೂಡಲೇ ಗುರುತು ಸಿಗುತ್ತದೆ. ಗೋಡೆಗಳನ್ನು ಹತ್ತಿರದಿಂದ ನೋಡಬೇಕು: ಸ್ಥಳೀಯ ಕಲ್ಲು, ಹಡಗಿನ ತೂಕಕ್ಕೆಂದು ತಂದ ಇಟ್ಟಿಗೆ, ನಡುನಡುವೆ ಸಮುದ್ರದಿಂದ ಕಡಿದು ತಂದ ಹವಳ. ಇವತ್ತು ಮುಖಕ್ಕೆ ಕನ್ನಡಕ ಕಟ್ಟಿಕೊಂಡು ಮುಳುಗಿ ನೋಡುವ ಹವಳದಿಂದಲೇ ಆಗ ಗೋಡೆ ಎದ್ದಿತ್ತು!

1848ರಲ್ಲಿ ಗುಲಾಮಗಿರಿ ಹೋಯಿತು. ಯುರೋಪಿನಲ್ಲಿ ಬೀಟ್ ಸಕ್ಕರೆ ಅಗ್ಗವಾಯಿತು. ತೋಟಗಳು ಹಾಳುಬಿದ್ದವು. ಉಳಿದ ಜನ ಮೀನು ಹಿಡಿದು, ದನ ಸಾಕಿ, ಬೇ ರಮ್ ಎಂಬ ಸುಗಂಧಕ್ಕೆ ಎಲೆ ಕೊಯ್ದು ಬದುಕಿದರು. ಗುಡ್ಡದ ಮೇಲೆ ಕಾಡು ತಾನಾಗಿ ಮರಳಿತು. ಅಂದಹಾಗೆ, ಅಲ್ಲಿನ ಹಾದಿಗಳಲ್ಲಿ ಮುಂಗುಸಿ ಅಡ್ಡ ಬಂದರೆ ಅಚ್ಚರಿಪಡಬೇಡಿ, ಅದರ ಮೂಲ ನಮ್ಮ ದೇಶವೇ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 19ನೇ ಶತಮಾನದಲ್ಲಿ ಭಾರತದಿಂದ ಕೆರಿಬಿಯನ್‌ಗೆ ತರಿಸಿದ ಮುಂಗುಸಿಗಳ ಸಂತತಿ ಅದು. ಇಲಿ ರಾತ್ರಿ ತಿರುಗುತ್ತದೆ, ಮುಂಗುಸಿ ಹಗಲು. ಇಲಿಗಳು ಉಳಿದವು, ಕಡಲಾಮೆಯ ಮೊಟ್ಟೆಗಳಿಗೆ ಕುತ್ತು ಬಂತು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಬಂದು ಕೂತಾರೆಂಬ ಅಂಜಿಕೆಯಿಂದ ಅಮೆರಿಕ 1917ರ ಮಾರ್ಚ್ 31ರಂದು ಎರಡೂವರೆ ಕೋಟಿ ಡಾಲರ್ ಚಿನ್ನ ಕೊಟ್ಟು ಈ ದ್ವೀಪಗಳನ್ನು ಕೊಂಡಿತು. ಅಲ್ಲಿನವರಿಗೆ ಅಮೆರಿಕದ ಅಧ್ಯಕ್ಷರ ಆಯ್ಕೆಯಲ್ಲಿ ಇಂದಿಗೂ ಮತವಿಲ್ಲ.

1952ರಲ್ಲಿ ತೈಲದ ದೊರೆ ರಾಕ್‌ಫೆಲರ್‌ನ ಮೊಮ್ಮಗ ಲಾರೆನ್ಸ್ ಹಾಯಿದೋಣಿಯಲ್ಲಿ ಇಲ್ಲಿಗೆ ಬಂದರು. ಹಳೆಯ ತೋಟಗಳನ್ನು ಕೊಳ್ಳುತ್ತ ಹೋಗಿ, ಐದು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಉದ್ಯಾನಕ್ಕೆ ದಾನ ಕೊಟ್ಟರು. 1956ರಲ್ಲಿ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಕನೀಲ್ ಬೇ ತೀರದಲ್ಲಿ ಅವರದೇ ಐಷಾರಾಮಿ ಹೋಟೆಲೂ ಇತ್ತೆನ್ನಿ. 1962ರಲ್ಲಿ ಉದ್ಯಾನಕ್ಕೆ ಕಡಲತಳವನ್ನೂ ಸೇರಿಸಿದರು. ಅದಕ್ಕೆಂದು ತಂದ ಮಸೂದೆಯಲ್ಲಿ ಊರವರ ಜಮೀನನ್ನು ಬಲವಂತವಾಗಿ ವಶಪಡಿಸಿಕೊಳ್ಳುವ ಅಂಶವೂ ಮೊದಲಿಗೆ ಇತ್ತು. ದ್ವೀಪದವರು ಪ್ರತಿಭಟಿಸಿ ಅದನ್ನು ತೆಗೆಸಿದರು. ದಾನಿಯ ಕತೆ ಎಲ್ಲರಿಗೂ ಗೊತ್ತು. ತಮ್ಮ ತುಂಡು ನೆಲ ಉಳಿಸಿಕೊಂಡವರ ಕತೆಯನ್ನೂ ಅದರ ಜತೆಗೇ ಹೇಳಬೇಕು ಎಂದು ನನ್ನ ಅಭಿಪ್ರಾಯ.

ಈಗ ಹೋಗುವವರಿಗೆ ಟ್ರಂಕ್ ಬೇಯಲ್ಲಿ ನೀರಿನೊಳಗೇ ಫಲಕಗಳನ್ನಿಟ್ಟ ಈಜುಹಾದಿ ಇದೆ. ಆದರೆ 2005ರಲ್ಲಿ ನೀರು ಕಾದು ಹವಳ ಬಿಳಿಚಿತು, ಮೇಲೆ ರೋಗವೂ ಬಿದ್ದು ಅರ್ಧಕ್ಕಿಂತ ಹೆಚ್ಚು ಸತ್ತಿತು. ಹವಳಕ್ಕೆ ಹಾನಿ ಮಾಡುವ ಕೆಲವು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ 2020ರಿಂದ ಅಲ್ಲಿ ನಿಷಿದ್ಧ. 2017ರ ಇರ್ಮಾ ಚಂಡಮಾರುತ ಕನೀಲ್ ಬೇ ಹೋಟೆಲನ್ನು ನುಚ್ಚುನೂರು ಮಾಡಿತು. 2023ರಲ್ಲಿ ಹೋಟೆಲ್ ನಡೆಸುವ ಒಪ್ಪಂದದ ಅವಧಿ ಮುಗಿದು ಆ ಜಾಗ ಉದ್ಯಾನದ ಸುಪರ್ದಿಗೆ ಮರಳಿದೆ. ಅಲ್ಲಿ ಮತ್ತೆ ಹೋಟೆಲ್ ಬೇಕೇ, ಬೇಕಾದರೆ ಎಷ್ಟು ದೊಡ್ಡದು, ಗುಲಾಮರ ಕೈಯಿಂದ ಎದ್ದ ಗೋಡೆಗಳ ನಡುವೆ ಊರವರಿಗೆ ಸಿಗುವ ಜಾಗವೆಷ್ಟು ಎಂಬ ವಾದ ಕ್ರೂಜ್ ಬೇಯ ಸಭೆಗಳವರೆಗೂ ಬಂದಿದೆ.