ಮೇಲ್ಸೇತುವೆಯಡಿಯ ಉದ್ಯಾನ: ಮೊದಲು ನೀರಿನ ನಕ್ಷೆ



ಮೇಲ್ಸೇತುವೆಯ ಅಡಿಯಲ್ಲಿ ಉದ್ಯಾನ ಮಾಡುವುದು ಹೊಸ ವಿಚಾರವೇನಲ್ಲ. ಟೊರಾಂಟೊದಲ್ಲಿ ಡಾನ್ ನದಿಗೆ ಸಮೀಪದ ಮೇಲ್ಸೇತುವೆಗಳ ಕೆಳಗೆ ‘ಅಂಡರ್‌ಪಾಸ್ ಪಾರ್ಕ್’ 2012ರಲ್ಲೇ ತೆರೆಯಿತು. ಮುಂಬೈನ ಮಾಟುಂಗದಲ್ಲಿ ನರ್ಮದೆಯ ಹರಿವಿನಂತೆ ಬಳುಕುವ ಕಾಲುದಾರಿಯ ಉದ್ಯಾನವಿದೆ. ಇವುಗಳ ಚಿತ್ರಗಳನ್ನು ಇವತ್ತು ಪರದೆಯ ಮೇಲೆ ಬೇಕಾದಷ್ಟು ನೋಡಲಿದ್ದೀರಿ. ನಾನು ಚಿತ್ರಕ್ಕೆ ಸಿಗದ ಭಾಗದ ಮಾತನ್ನಷ್ಟೇ ಆಡುತ್ತೇನೆ.

ಸೇತುವೆಯಡಿಯ ನೆಲ ವಿಚಿತ್ರವಾದದ್ದು. ಅಲ್ಲಿ ಮಳೆ ಬೀಳುವುದಿಲ್ಲ, ಆದರೆ ನೀರು ನುಗ್ಗುತ್ತದೆ. 20 ಮೀಟರ್ ಅಗಲದ ಡೆಕ್, ಎರಡು ಪಿಲ್ಲರ್‌ಗಳ ನಡುವೆ 30 ಮೀಟರ್ ಅಂತರ ಎಂದುಕೊಳ್ಳಿ. 50 ಮಿಲಿಮೀಟರ್ ಮಳೆ ಬಂದರೆ ಅಷ್ಟು ಭಾಗದಿಂದಲೇ ಸುಮಾರು 30,000 ಲೀಟರ್ ನೀರು ಕೊಳವೆಗಳಲ್ಲಿ ಇಳಿಯುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, 6,000 ಲೀಟರಿನ ಐದು ಟ್ಯಾಂಕರ್. ಅದೂ ಪಿಲ್ಲರಿನ ಬುಡದಲ್ಲೇ ಸುರಿಯುತ್ತದೆ. ನಾಲ್ಕು ಹೆಜ್ಜೆ ಆಚೆಗಿನ ಗಿಡ ಮಾತ್ರ ಒಣಗಿ ನಿಂತಿರುತ್ತದೆ.

ಈ ನೀರನ್ನು ನೇರವಾಗಿ ಗಿಡಕ್ಕೆ ಹರಿಸೋಣ ಎನ್ನುವ ಉತ್ಸಾಹಿಗಳಿದ್ದಾರೆ. ಸ್ವಲ್ಪ ತಾಳಬೇಕು. ಮಳೆಯ ಮೊದಲ ನೀರು ಟೈರಿನ ಪುಡಿ, ಬ್ರೇಕಿನ ಲೋಹದ ಧೂಳು, ಎಣ್ಣೆ ಎಲ್ಲವನ್ನೂ ತೊಳೆದುಕೊಂಡು ಬರುತ್ತದೆ. ಅದು ಮೊದಲು ಹೂಳು ಹಿಡಿಯುವ ತೊಟ್ಟಿಗೆ ಹೋಗಬೇಕು, ಆಮೇಲೆ ಜಲ್ಲಿ-ಮರಳಿನ ಹಾಸಿಗೆ. ಅಡಿಪಾಯದ ಪಕ್ಕದಲ್ಲೇ ಇಂಗುಗುಂಡಿ ತೋಡುವುದಂತೂ ಸೇತುವೆಯ ಎಂಜಿನಿಯರ್ ಒಪ್ಪದೆ ಆಗಕೂಡದು. ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಎಷ್ಟೋ ನಕ್ಷೆಗಳಲ್ಲಿ ಒಂದು ಬಾಣ ಪಕ್ಕದ ಚರಂಡಿಯ ಕಡೆ ತಿರುಗಿ ನಿಂತುಬಿಡುತ್ತದೆ. ಆ ಚರಂಡಿಯ ತಳ ಉದ್ಯಾನದ ತಳಕ್ಕಿಂತ ಕೆಳಗಿದೆಯೇ? ಅದು ಸೇರುವ ರಾಜಕಾಲುವೆ ಜೋರು ಮಳೆಯಲ್ಲಿ ತುಂಬಿದ್ದರೆ ನೀರು ಹಿಂದಕ್ಕೆ ಬಂದು ಉಯ್ಯಾಲೆಯ ಕೆಳಗೇ ನಿಲ್ಲುತ್ತದೆ. ಬಾಣ ಬರೆದವರು ಮಟ್ಟವನ್ನೂ ಬರೆಯಬೇಕು.

2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅದು ವಾಹನಗಳ ದಾರಿ, ಉದ್ಯಾನವಲ್ಲ, ನಿಜ. ಆದರೆ ತಗ್ಗಿನಲ್ಲಿ ಜನರನ್ನು ಕೂರಿಸುವ ನಮಗೂ ಒಂದು ಜವಾಬ್ದಾರಿಯಿದೆ: ನೀರು ಯಾವ ಮಟ್ಟಕ್ಕೆ ಬಂದರೆ ಗೇಟು ಮುಚ್ಚಬೇಕು, ಮುಚ್ಚುವವರು ಯಾರು ಎಂಬುದು ವಿನ್ಯಾಸದಲ್ಲೇ ಇರಬೇಕು. ವಿದ್ಯುತ್ ಪ್ಯಾನಲ್ ಆ ಮಟ್ಟಕ್ಕಿಂತ ಮೇಲಿರಬೇಕು.

ಇನ್ನು ನೆಲದೊಳಗಿನ ಸಂತೆ. ಜಲಮಂಡಳಿಯ ಕೊಳವೆ, ಒಳಚರಂಡಿ, ಬೆಸ್ಕಾಂನ ವಿದ್ಯುತ್ ಕೇಬಲ್, ಇಂಟರ್ನೆಟ್ಟಿನ ತಂತಿ ಬೇರೆ. ಒಂದೊಂದರ ನಕ್ಷೆ ಒಂದೊಂದು ಕಚೇರಿಯಲ್ಲಿ, ಕೆಲವಕ್ಕೆ ಹಳೆಯ ಲೈನ್‌ಮನ್‌ನ ನೆನಪೇ ನಕ್ಷೆ. ಅಲ್ಲಲ್ಲಿ ಗುಂಡಿ ತೋಡಿ ನೋಡದೆ ಕಲ್ಲುಹಾಸು ಹಾಸಿದರೆ ಆರು ತಿಂಗಳಿಗೇ ಅದನ್ನು ಕೀಳಬೇಕಾದೀತು. ಮ್ಯಾನ್‌ಹೋಲ್ ಮಕ್ಕಳ ಆಟದ ಜಾಗದ ನಡುವೆ ಬಂದರೆ ಜಾರುಬಂಡೆಯನ್ನೇ ಸರಿಸಿ. ಮ್ಯಾನ್‌ಹೋಲನ್ನು ಮಣ್ಣಲ್ಲಿ ಹೂಳಬೇಡಿ. ಸೇತುವೆಯ ಬೇರಿಂಗ್ ತಪಾಸಣೆಗೆ ಲಿಫ್ಟ್ ಇರುವ ಲಾರಿ ಒಳಗೆ ಬರಬೇಕಾಗುತ್ತದೆ. ಅದರ ತೂಕ ತಡೆಯುವ ದಾರಿಯೊಂದನ್ನು ಉಳಿಸಿಕೊಳ್ಳದ ಉದ್ಯಾನ ನನ್ನ ದೃಷ್ಟಿಯಲ್ಲಿ ಎಷ್ಟು ಚಂದವಿದ್ದರೂ ಅಪೂರ್ಣ. ಪಿಲ್ಲರಿಗೆ ಅಂಟಿಸುವ ಹಸಿರು ಗೋಡೆಗಳ ಬಗ್ಗೆಯೂ ನನಗೆ ಅಷ್ಟೇನೂ ಪ್ರೀತಿಯಿಲ್ಲ. ನೀರುಣಿಸುವುದು ನಿಂತ ವಾರವೇ ಅವು ಕಂದುಬಣ್ಣಕ್ಕೆ ತಿರುಗುತ್ತವೆ.

ಕೊನೆಯದಾಗಿ, ತೊಟ್ಟಿಯ ಹೂಳನ್ನು ಮುಂಗಾರಿಗೆ ಮುಂಚೆ ತೆಗೆಸುವ ಹಣ ಯಾರ ಬಜೆಟ್ಟಿನದು? ಸೇತುವೆ ಒಬ್ಬರದು, ಉದ್ಯಾನ ಇನ್ನೊಬ್ಬರದು, ಚರಂಡಿ ಮತ್ತೊಬ್ಬರದು. ಮಧ್ಯಾಹ್ನದ ಗೋಷ್ಠಿಯಲ್ಲಿ ಮೂರೂ ಕಡೆಯವರು ಇರುತ್ತೀರಿ. ಬೇರೆಲ್ಲ ಚರ್ಚೆಗೂ ಮೊದಲು ಇದನ್ನೇ ಎತ್ತಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.