ನಾವೇ ಮಾಡಿದ ಆಲ್ಬಮ್, ಮಿಕ್ಸಿಂಗ್‌ನಲ್ಲಿ ನಾನು ಮಾಡಿದ ತಪ್ಪು

ನಾನು ಮೈಸೂರಿನವನು. ವಾರಕ್ಕೆ ಐದು ದಿನ ಆಫೀಸು, ಭಾನುವಾರ ಬ್ಯಾಂಡು. ನಾವು ಐದು ಜನ, ಯಾರಿಗೂ ಸಂಗೀತ ಹೊಟ್ಟೆಪಾಡಲ್ಲ. ಬ್ಯಾಂಡಿನ ಹೆಸರು ಹೇಳಲ್ಲ, ಜಾಹೀರಾತು ಆಗಿಬಿಡುತ್ತೆ. ಕಳೆದ ವರ್ಷ ನಾವೇ ರೆಕಾರ್ಡ್ ಮಾಡಿ, ನಾವೇ ಮಿಕ್ಸ್ ಮಾಡಿ, ಆರು ಹಾಡಿನ ಒಂದು ಆಲ್ಬಮ್ ಬಿಡುಗಡೆ ಮಾಡಿದ್ವಿ. ಅದು ಹೇಗಾಯ್ತು ಹೇಳಿ ಅಂತ ಇಲ್ಲಿಗೆ ಕರೆದಿದ್ದಾರೆ.

ಮೊದಲು ಏಳು ಹಾಡು ಇತ್ತು. ವೇದಿಕೆ ಮೇಲೆ ನಾವು ಎಲ್ಲಕ್ಕಿಂತ ಚೆನ್ನಾಗಿ ನುಡಿಸೋದು ಬೇಂದ್ರೆಯವರ ಒಂದು ಕವಿತೆ. ಅದನ್ನೇ ಕೈಬಿಡಬೇಕಾಯ್ತು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತೆ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಅಂದ್ರೆ 2041ರ ಕೊನೆಯವರೆಗೆ ಅನುಮತಿ ಬೇಕು. ಅನುಮತಿ ಕೇಳೋ ಕೆಲಸವನ್ನು ನಾವು ಮೊದಲೇ ಮಾಡಬೇಕಿತ್ತು, ಮಾಡಲಿಲ್ಲ. ಶರೀಫಜ್ಜ ಹೋಗಿದ್ದು 1889ರಲ್ಲಿ, ಹಾಗಾಗಿ ಅವರ ಒಂದು ತತ್ವಪದ ಉಳೀತು. ಮಿಕ್ಕ ಐದು ನಮ್ಮದೇ.

ಡ್ರಮ್ಸ್ ಮಾತ್ರ ಒಂದು ದಿನ ಬಾಡಿಗೆ ಸ್ಟುಡಿಯೋದಲ್ಲಿ ಮಾಡಿದ್ವಿ. ಉಳಿದದ್ದೆಲ್ಲ ನಮ್ಮನೆ ಮಹಡಿಯ ರೂಮಿನಲ್ಲಿ. ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನ್ ಆಫ್ ಮಾಡಿ, ಬೆವರು ಸುರಿಸ್ಕೊಂಡು. ಎರಡೇ ಮೈಕ್ ಸಿಕ್ಕಿಸಬಹುದಾದ ಒಂದು ಆಡಿಯೋ ಇಂಟರ್‌ಫೇಸ್, ವೇದಿಕೆಯಲ್ಲಿ ಬಳಸೋ ಒಂದು ಎಸ್‌ಎಂ 58 ಮೈಕ್, ರೀಪರ್ ಅನ್ನೋ ಸಾಫ್ಟ್‌ವೇರ್. ಇಷ್ಟೇ ನಮ್ಮ ಸಾಮಾನು.

ಮಿಕ್ಸಿಂಗ್ ಮಾಡೋಕೆ ನಾನು ಕೂತೆ. ಮಿಕ್ಸಿಂಗ್ ಅಂದ್ರೆ ಊಟದ ಎಲೆ ಬಡಿಸಿದ ಹಾಗೆ. ಉಪ್ಪಿಗೊಂದು ಜಾಗ, ಪಲ್ಯಕ್ಕೊಂದು ಜಾಗ. ಆದರೆ ಹಾಡಿನಲ್ಲಿ ಗಿಟಾರ್, ಕೀಬೋರ್ಡ್, ದನಿ ಎಲ್ಲವೂ ಒಂದೇ ಕಡೆ ಬಂದು ಕೂರುತ್ತವೆ, ಸುಮಾರು 200ರಿಂದ 500 ಹರ್ಟ್ಸ್ ಒಳಗೆ. ಚಿಕ್ಕ ರೂಮಿನ ಗುಂಯ್ ಅನ್ನೋ ಸದ್ದೂ ಹೆಚ್ಚಾಗಿ ಅಲ್ಲೇ. ಅದಕ್ಕೆ ಮದ್ದು ಅಂದ್ರೆ ಯಾವುದನ್ನಾದರೂ ಅಲ್ಲಿಂದ ತೆಗೆಯೋದು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ತೆಗಿ ಅಂತ ಯಾರೂ ಹೇಳಲಿಲ್ಲ. "ಬೇಸ್ ಕೇಳಿಸ್ತಿಲ್ಲ ಮಗಾ." "ಕೀಬೋರ್ಡ್ ಸ್ವಲ್ಪ ಜಾಸ್ತಿ ಮಾಡು." ಒಬ್ಬರದ್ದು ಏರಿಸಿದರೆ ಇನ್ನೊಬ್ಬರದ್ದು ಮುಳುಗುತ್ತೆ, ಅದನ್ನೂ ಏರಿಸು. ಕೊನೆಗೆ ಮೀಟರ್ ಕೆಂಪಗೆ. ಸಿನಿಮಾ ಹಾಡಿನಷ್ಟು ಜೋರಾಗಿ ಇರಬೇಕು ಅಂತ ಎಲ್ಲವನ್ನೂ ಲಿಮಿಟರ್‌ನಲ್ಲಿ ಹಿಂಡಿದೆ. ಆಮೇಲೆ ಗೊತ್ತಾಯ್ತು, ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲರ ಹಾಡನ್ನೂ ಮೈನಸ್ 14 ಲಫ್ಸ್ ಅನ್ನೋ ಮಟ್ಟದ ಹತ್ತಿರಕ್ಕೆ ತಂದೇ ಕೇಳಿಸುತ್ತೆ. ಜೋರಾಗಿದ್ದರೆ ಇಳಿಸಿಬಿಡುತ್ತೆ. ನಾನು ಹಿಂಡಿದ್ದು ದಂಡ, ಹಾಡು ಸತ್ತಿದ್ದೊಂದೇ ಲಾಭ.

ಇದೆಲ್ಲ ಸರಿಪಡಿಸಬಹುದಾದ ತಪ್ಪು. ನಿಜವಾದ ತಪ್ಪು ಎರಡನೇ ಹಾಡಿನಲ್ಲಿ ಆಯ್ತು.

ನಮ್ಮ ಗಾಯಕಿ ಆ ಹಾಡನ್ನ 11 ಸಲ ಹಾಡಿದಳು. ಪ್ರತಿ ಸಲವೂ ನಾನೇ, "ಇನ್ನೊಂದ್ಸಲ, ಚೂರು ಸ್ವರ ಇಳೀತು" ಅಂತಿದ್ದೆ. ಆಮೇಲೆ ರಾತ್ರಿ ಕೂತು ಒಂದೊಂದು ಟೇಕಿನಿಂದ ಒಂದೊಂದು ಸಾಲು ಕತ್ತರಿಸಿ ಅಂಟಿಸಿದೆ. ಎರಡು ಕಡೆ ಒಂದೇ ಪದವನ್ನ ಅರ್ಧ ಒಂದು ಟೇಕಿನಿಂದ, ಅರ್ಧ ಇನ್ನೊಂದರಿಂದ. ಮೇಲೆ ಸ್ವರ ಸರಿಮಾಡೋ ಸಾಫ್ಟ್‌ವೇರ್ ಬೇರೆ. ಒಂದು ಸ್ವರ ಜಾರಿಲ್ಲ, ಒಂದು ಉಸಿರು ಕೇಳಿಸಲ್ಲ. ನನಗೆ ಬಹಳ ಹೆಮ್ಮೆ. ಕಳಿಸಿದೆ.

ಅವಳ ಉತ್ತರ ಒಂದೇ ಸಾಲು. "ಇದು ನಾನಲ್ಲ ಕಣೋ."

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. ಫೋನ್ ಮಾಡಿದರೆ, "ಮತ್ತೆ ಹಾಡೋಕೆ ಕರೀಬೇಡ, ಅಷ್ಟೇ" ಅಂದಳು. ಬೇಸ್ ನುಡಿಸೋನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು, ತಿಂಗಳೊಳಗೆ ಹೊರಡಬೇಕು. ಆಲ್ಬಮ್ ಇಲ್ಲಿಗೇ ನಿಲ್ಲುತ್ತೆ ಅಂತ ಎಲ್ಲರಿಗೂ ಅನ್ನಿಸಿತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಆ ಹಾಡಿನ ಗೈಡ್ ಟ್ರ್ಯಾಕ್ ಒಂದು ಕಂಪ್ಯೂಟರಿನಲ್ಲಿ ಉಳಿದಿತ್ತು. ಗೈಡ್ ಅಂದ್ರೆ ಉಳಿದವರು ನುಡಿಸೋಕೆ ದಾರಿ ತೋರಿಸಲು ಸುಮ್ಮನೆ ಹಾಡಿಟ್ಟಿರೋದು, ಆಮೇಲೆ ಅಳಿಸೋದೇ. ಇಬ್ಬರ ಕಿವಿಯಲ್ಲೂ ತಾಳಕ್ಕೆ ಕ್ಲಿಕ್, ಎದುರಿಗೆ ನಾನು ಗಿಟಾರ್ ಹಿಡಿದು ಕೂತಿದ್ದೆ, ಒಂದೇ ಮೈಕ್. ಒಂದು ರಾತ್ರಿ ಅದನ್ನ ಹಾಕಿ ಕೇಳಿದೆ. ಎರಡನೇ ಚರಣದಲ್ಲಿ ಮೇಲಿನ ಸ್ವರ ಸ್ವಲ್ಪ ಇಳಿದಿದೆ. ಮಧ್ಯೆ ಪಕ್ಕದ ಮನೆ ಕುಕ್ಕರ್ ಸೀಟಿ. ಆದರೆ ಅವಳು ಯಾರಿಗೋ ಹೇಳ್ತಿದಾಳೆ ಅನ್ನೋ ಹಾಗಿತ್ತು. ನನ್ನ 11 ಟೇಕಿನ ಹೊಲಿಗೆಯಲ್ಲಿ ಅದು ಇರಲಿಲ್ಲ. ಬೆಳಿಗ್ಗೆ ಅಮ್ಮ ಒಗ್ಗರಣೆ ಹಾಕುವಾಗ ಫೋನಿನಲ್ಲಿ ಎರಡನ್ನೂ ಕೇಳಿಸಿದೆ. ಒಂದರಲ್ಲಿ ಪದ ಅರ್ಥವಾಯ್ತಂತೆ. ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ.

ಅದನ್ನೇ ಇಡೋದಾದರೆ ಒಂದು ತೊಂದರೆ ಇತ್ತು. ಅವಳ ಮೈಕಿನೊಳಗೆ ನನ್ನ ಗಿಟಾರ್ ಸೋರಿ ಸೇರಿಕೊಂಡಿದೆ, ದನಿ ಕೆಡದ ಹಾಗೆ ಬೇರೆ ಮಾಡೋದು ಕಷ್ಟ. ನಾನು ಮೂರು ದಿನ ಕೂತು ಆಮೇಲೆ ನುಡಿಸಿದ ಗಿಟಾರನ್ನ ಅದರ ಜೊತೆ ಹಾಕಿದರೆ ಎರಡೂ ಒಂದಕ್ಕೊಂದು ಎಡವುತ್ತವೆ. ಹಾಗಾಗಿ ನನ್ನ ಮೂರು ದಿನದ ಕೆಲಸ ಹೋಯ್ತು. ಈಗ ಆ ಹಾಡಿನಲ್ಲಿ ಕೇಳೋ ಗಿಟಾರ್, ಅವಳ ಮೈಕಿಗೆ ಸೋರಿದ್ದಷ್ಟೇ. ಗಿಟಾರ್ ಹಿಂದೆ ಸರಿದ ಮೇಲೆ ಬೇಸ್ ತಾನಾಗಿ ಕೇಳಿಸ್ತು. ಅವನು ಕೇಳ್ತಾ ಇದ್ದದ್ದು ಅದನ್ನೇ!

ಹೊಸ ಮಿಕ್ಸನ್ನ ಮೊದಲು ಅವಳಿಗೆ ಕಳಿಸಿದೆ. ಕ್ಷಮೆ ಕೇಳಿ ಉದ್ದ ಮೆಸೇಜ್ ಬರೆದು, ಅಳಿಸಿ, ಬರೀ ಫೈಲ್ ಕಳಿಸಿದೆ. ಭಾನುವಾರ ಬಂದಳು. "ಆ ಸ್ವರ ಇಳಿದಿದೆ" ಅಂದಳು. "ಇರಲಿ ಬಿಡು" ಅಂದೆ. "ನೀನು ಹೇಳ್ತಿದೀಯಾ?" ಅಂತ ನಕ್ಕಳು.

ಬಿಡುಗಡೆ ಕಥೆ ಚಿಕ್ಕದು. ವರ್ಷಕ್ಕಿಷ್ಟು ಅಂತ ದುಡ್ಡು ತಗೊಂಡು ಎಲ್ಲ ಆ್ಯಪ್‌ಗಳಿಗೂ ಹಾಡು ಕಳಿಸೋ ಸಂಸ್ಥೆಗಳಿವೆ, ಅಂಥದ್ದೊಂದರ ಮೂಲಕ ಹಾಕಿದ್ವಿ. ಮೊದಲ ಒಂಬತ್ತು ದಿನ ನಮ್ಮ ಹಾಡು, ನಮ್ಮದೇ ಹೆಸರಿರೋ ಯಾವುದೋ ದೇಶದ ಮೆಟಲ್ ಬ್ಯಾಂಡಿನ ಪುಟದಲ್ಲಿತ್ತು. ಅವರ ಅಭಿಮಾನಿಗಳು ಶರೀಫಜ್ಜನನ್ನ ಕೇಳಿ ಏನಂದ್ಕೊಂಡರೋ. ದುಡ್ಡಿನ ಆಸೆ ಇಟ್ಕೋಬೇಡಿ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಸ್ಪಾಟಿಫೈ 2024ರಿಂದ ಏನೂ ಕೊಡಲ್ಲ. ನಮ್ಮ ಆರರಲ್ಲಿ ಆ ಗಡಿ ದಾಟಿದ್ದು ಒಂದೇ, ಆ ಎರಡನೇ ಹಾಡು.

ಮೊನ್ನೆ ಯಾರೋ ಮೆಸೇಜ್ ಮಾಡಿ, ಆ ಹಾಡಿನ ಮಧ್ಯೆ ಬರೋ ವಾದ್ಯ ಯಾವುದು ಅಂತ ಕೇಳಿದರು. ಪ್ರೆಸ್ಟೀಜ್ ಅಂತ ಬರೆದೆ. ಅವರಿನ್ನೂ ಹುಡುಕ್ತಿರಬಹುದು.