ಒಂಟಿ ಪ್ರಯಾಣಿಕನ ಹಕ್ಕು



ಚಿಂತಾಮಣಿಯ ಟೊಮೆಟೊ, ಗೌರಿಬಿದನೂರಿನ ಮೆಕ್ಕೆಜೋಳ, ಶಿಡ್ಲಘಟ್ಟದ ರೇಷ್ಮೆ ಇವನ್ನೆಲ್ಲ ದೂರದೂರಿಗೆ ಮುಟ್ಟಿಸುವವರಲ್ಲಿ ನಮ್ಮ ಮೊಹಲ್ಲಾಗಳ ಹುಡುಗರೂ ಇದ್ದಾರೆ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಹೈದರಾಬಾದಿನತ್ತ ಸಾಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಎಷ್ಟೋ ಮಂದಿ ಕ್ಲೀನರ್ ಕೂಡ ಇಲ್ಲದೆ ಒಬ್ಬರೇ ಹೋಗುತ್ತಾರೆ. ಮುಂದೆ ಅನಂತಪುರ, ಮಳೆ ಕಾಣದ ಸೀಮೆ. ಹಗಲೆಲ್ಲ ಬಂಡೆ, ಬಯಲು, ಬಿಸಿಲು. ರಾತ್ರಿ ಬರೀ ಕತ್ತಲೆ.

ಅಂಥ ಒಬ್ಬ ಹುಡುಗ ಫಜ್ರ್ ನಮಾಝಿನ ಬಳಿಕ ನಮ್ಮ ಪಕ್ಕದಲ್ಲಿ ಕುಳಿತು, “ಹಝ್ರತ್, ಸ್ಟೇರಿಂಗ್ ಮೇಲೆ ಕೈಯಿತ್ತು, ಕಣ್ಣು ಮುಚ್ಚಿಹೋಗಿತ್ತು. ಹಿಂದಿನ ಲಾರಿಯವರು ಹಾರ್ನ್ ಹೊಡೆದಿದ್ದಕ್ಕೆ ಉಳಿದೆ” ಎಂದ. ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದೆವು. “ಇಲ್ಲ, ಅಮ್ಮಿ ಹೆದರುತ್ತಾರೆ” ಎಂದ.

ರಾತ್ರಿ ಒಬ್ಬಂಟಿಯಾಗಿ ಪ್ರಯಾಣಿಸುವುದರ ಅಪಾಯವನ್ನು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಅಲ್ಲಾಹನು ಪ್ರಯಾಣಿಕನ ನಮಾಝನ್ನೇ ಹಗುರಗೊಳಿಸಿದ್ದಾನೆ: 4 ರಕಅತ್‌ಗಳ ಫರ್ಝ್ 2 ಆಗುತ್ತದೆ. ರಮಝಾನಿನ ಉಪವಾಸವನ್ನು ಮುಂದಕ್ಕೆ ಹಾಕಬಹುದು. ನೀರು ಸಿಗದಿದ್ದರೆ ತಯಮ್ಮುಮ್ ಸಾಕು. ಒಡೆಯನೇ ಇಷ್ಟು ರಿಯಾಯಿತಿ ಕೊಟ್ಟಿರುವಾಗ, “ಬೆಳಗಾಗುವುದರೊಳಗೆ ಲೋಡು ಮುಟ್ಟಿಸಲೇಬೇಕು” ಎನ್ನಲು ಲಾರಿ ಮಾಲೀಕರಾಗಲಿ, ಮಂಡಿಯವರಾಗಲಿ, ನಾವು ಯಾರು?

ತಡವಾಯಿತೆಂದು ಡ್ರೈವರನ ಹಣ ಹಿಡಿಯದಿರೋಣ. ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗು ಎಂದು ನಾವೇ ಹೇಳಿ ಕಳಿಸೋಣ. ಹೆದ್ದಾರಿ ಬದಿಯ ಮಸೀದಿಗಳಲ್ಲಿ ಅವನಿಗೊಂದು ಚಾಪೆ, ಒಂದು ಬಿಂದಿಗೆ ನೀರು ಇರಲಿ.

ಮಕ್ಕಳೇ, ತಲುಪಿದೊಡನೆ ಮನೆಗೆ ಫೋನ್ ಮಾಡಿ. ತಾಯಿ ಹೆದರುವುದು ಫೋನ್ ಬಾರದಿದ್ದಾಗ.

ದಾರಿಯಲ್ಲಿರುವ ಎಲ್ಲರನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.